ವಾಲಿದ ಕಡೆಗೆ ಹೆಜ್ಜೆ

ಶನಿವಾರದೊಳಗೆ ಅಣ್ಣ ಒಂದು ಕಾಗದಕ್ಕೆ ಸಹಿ ಹಾಕಬೇಕು ಅಂತ ಯಜಮಾನ ಹೇಳಿಕಳಿಸಿದ್ದ. ಹೇಳಿಕಳಿಸುವುದೇನು, ಕಾಗದವನ್ನು ನನ್ನ ಕೈಗೇ ಕೊಟ್ಟಿದ್ದ. ಅದರಲ್ಲಿ ಇದ್ದದ್ದು ಮೂರೇ ಸಾಲು. ಗಾಡಿಯಲ್ಲಿ ಯಾವ ದೋಷವೂ ಇರಲಿಲ್ಲ. ಗಾಡಿ ಬಲಕ್ಕೆ ವಾಲಿದಾಗ ಚಾಲಕನಾದ ನಾನು ಬಲಕ್ಕೇ ಹೆಜ್ಜೆ ಇಟ್ಟಿದ್ದರಿಂದ ಅದು ಉರುಳಿತು. ಇದು ನನ್ನ ತಪ್ಪೆಂದು ಒಪ್ಪುತ್ತೇನೆ. ಕೆಳಗೆ ಸಹಿಗೆ ಜಾಗ ಬಿಟ್ಟಿತ್ತು.

ನಾನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೂ ಮೂರು ಸಾಲು ಓದುವಷ್ಟು ಬರುತ್ತದೆ. ಓದಿದವನು ಅಲ್ಲೇ ಹರಿದು ಅವನ ಮುಖದ ಮೇಲೆ ಎಸೆಯಬೇಕಾಗಿತ್ತು. ಎಸೆಯಲಿಲ್ಲ. ಮಡಚಿ ಅಂಗಿಯ ಜೇಬಿಗೆ ತುರುಕಿಕೊಂಡೆ. ಯಾಕೆಂದರೆ ಆ ಮೂರು ಸಾಲಿನಲ್ಲಿ ಅರ್ಧ ಸಾಲು ನಿಜ. ಅಣ್ಣ ಬಲಕ್ಕೇ ಹೆಜ್ಜೆ ಇಟ್ಟ. ನಾನೂ ಇಟ್ಟೆ.

ವಾಲಿದ ಕಡೆಗೇ ಹೋಗಿ ನಿಲ್ಲುವ ಹುಚ್ಚರು ಯಾರಾದರೂ ಇರುತ್ತಾರಾ ಅಂತ ನೀವು ಕೇಳುತ್ತೀರಿ. ಇರುತ್ತಾರೆ. ಅಂಥವರನ್ನು ತಯಾರು ಮಾಡುವುದಕ್ಕೆ ತಿಂಗಳುಗಟ್ಟಲೆ ಬೇಕು. ನಮ್ಮನ್ನು ತಯಾರು ಮಾಡಿದ್ದು ಆ ಗಾಡಿ.

ಅದು ಒಂಟಿ ಹಳಿಯ ಗಾಡಿ. ಎರಡು ಹಳಿಯ ರೈಲನ್ನು ಎಲ್ಲರೂ ನೋಡಿದ್ದಾರೆ. ಇದಕ್ಕೆ ನೆಲದ ಮೇಲೆ ಒಂದೇ ಹಳಿ, ಗಾಲಿಗಳೆಲ್ಲ ಸೈಕಲ್ಲಿಗೆ ಇರುವಂತೆ ಒಂದರ ಹಿಂದೆ ಒಂದು. ಎಂಟು ಜನ ಕೂರಬಹುದು. ಓಡುವಾಗ ಬಿಡಿ, ಸುಮ್ಮನೆ ನಿಂತಿರುವಾಗಲೂ ಬೀಳುವುದಿಲ್ಲ. ಮಧ್ಯದಲ್ಲಿ ಒಂದು ಉಕ್ಕಿನ ಡ್ರಮ್ಮು, ಅದರೊಳಗೆ ಎರಡು ಭಾರಿ ಚಕ್ರ, ಒಂದು ಈ ಕಡೆಗೆ ತಿರುಗಿದರೆ ಇನ್ನೊಂದು ಆ ಕಡೆಗೆ, ನಿಮಿಷಕ್ಕೆ ಮೂರು ಸಾವಿರ ಸುತ್ತು. ಬುಗುರಿ ತಿರುಗುವಷ್ಟು ಹೊತ್ತು ನೆಟ್ಟಗೆ ನಿಲ್ಲುತ್ತದಲ್ಲ, ಅದೇ ವಿದ್ಯೆ. ಚಕ್ರಕ್ಕೆ ಗಾಳಿಯ ತಡೆ ಇರಬಾರದು ಅಂತ ಡ್ರಮ್ಮಿನೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೀರಿ ತೆಗೆದಿರುತ್ತೇವೆ. ಹಾಗಾಗಿ ಚಕ್ರದ ಮೋಟಾರು ನಿಲ್ಲಿಸಿದರೂ ಅವು ಅರ್ಧ ಗಂಟೆ ತಮ್ಮ ಪಾಡಿಗೆ ತಿರುಗುತ್ತಲೇ ಇರುತ್ತವೆ. ಗಾಡಿಯನ್ನು ಓಡಿಸುವ ಎಂಜಿನ್ ಬೇರೆ.

ಅದಕ್ಕೊಂದು ಗುಣವಿತ್ತು. ಬೇರೆ ಯಾವ ಗಾಡಿಯಲ್ಲಾದರೂ ಬಲಗಡೆ ಹೋಗಿ ನಿಂತರೆ ಬಲಗಡೆ ತಗ್ಗುತ್ತದೆ. ಇದು ಬಲಗಡೆಯನ್ನೇ ಮೇಲೆತ್ತುತ್ತಿತ್ತು. ಹೊರಗಿನಿಂದ ಭುಜ ಕೊಟ್ಟು ನೂಕಿದರೆ ನೂಕಿದವನ ಮೇಲೇ ತಿರುಗಿ ಬರುತ್ತಿತ್ತು. ಮೊದಲ ದಿನ ಅಣ್ಣ ನನ್ನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ, "ನೂಕು ನೋಡೋಣ" ಅಂದ. ನೂಕಿದೆ. ಅದು ನನ್ನನ್ನು ವಾಪಸು ನೂಕಿತು. ಮನೆಯಲ್ಲಿ, ಶಾಲೆಯಲ್ಲಿ, ಬಸ್ಸಿನಲ್ಲಿ ಬರೀ ನೂಕಿಸಿಕೊಂಡೇ ಬೆಳೆದವನಿಗೆ ಆ ಗಾಡಿ ಎಷ್ಟು ಹಿಡಿಸಿತು ಅಂದರೆ ಮಾರನೇ ದಿನವೇ ಪುಸ್ತಕದ ಚೀಲ ಮೂಲೆಗೆ ಎಸೆದೆ.

ಅದನ್ನು ಕಟ್ಟಿದವರು ಮೇಷ್ಟ್ರು. ನಿವೃತ್ತಿಯಾದ ಲೆಕ್ಕದ ಮೇಷ್ಟ್ರು, ಹಲ್ಲಿಲ್ಲದ ಬಾಯಿ, ಜೇಬಿನ ತುಂಬಾ ಸೀಮೆಸುಣ್ಣ. ಯಜಮಾನನ ಅಪ್ಪ ಅವರ ಹಳೆಯ ಶಿಷ್ಯನಂತೆ, ಶೆಡ್ಡು ಬಿಟ್ಟುಕೊಟ್ಟಿದ್ದ. ಏಳನೇ ಕ್ಲಾಸು ಓದಿದ ನಮ್ಮಣ್ಣನಿಗೆ ಮೇಷ್ಟ್ರು ಶೆಡ್ಡಿನ ನೆಲದ ಮೇಲೆ ಸುಣ್ಣದಲ್ಲಿ ಬರೆದು ಬರೆದು ಲೆಕ್ಕ ಕಲಿಸಿದರು. ಹನ್ನೊಂದು ವರ್ಷ. ಹೊಸದಾಗಿ ಬಂದ ಯಾರಿಗೇ ಆಗಲಿ ಅವರ ಮೊದಲ ಪಾಠ ಒಂದೇ: "ಗಾಡಿ ವಾಲಿದ್ರೆ ವಾಲಿದ ಕಡೆಗೇ ಹೋಗು. ಹೆದರಿ ಈ ಕಡೆ ಓಡಿ ಬಂದ್ಯೋ, ಇನ್ನೂ ವಾಲುತ್ತೆ." ಮೊದಮೊದಲು ಕಾಲು ಮಾತು ಕೇಳುವುದಿಲ್ಲ. ಆರು ತಿಂಗಳಾದ ಮೇಲೆ ಅದನ್ನು ಕೇಳುವ ಅಗತ್ಯವೇ ಇರುವುದಿಲ್ಲ, ತಾನೇ ಹೋಗುತ್ತದೆ.

ಎಷ್ಟರಮಟ್ಟಿಗೆ ಅಂದರೆ, ಒಮ್ಮೆ ಅಣ್ಣ, ಅತ್ತಿಗೆ, ನಾನು ಕೆರೆಯಲ್ಲಿ ದೋಣಿ ಹತ್ತಿದ್ದೆವು. ದೋಣಿ ಎಡಕ್ಕೆ ವಾಲಿತು. ಅಂಬಿಗ ಬಲಕ್ಕೆ ಹಾರಿದ, ಅತ್ತಿಗೆ ಬಲಕ್ಕೆ ಹಾರಿದರು. ನಾವಿಬ್ಬರು ಮಹಾಶಯರು ಗಂಭೀರವಾಗಿ ಎಡಕ್ಕೆ ಜರುಗಿದೆವು. ನಾಲ್ವರೂ ನೀರಲ್ಲಿ. ಅತ್ತಿಗೆಯ ಹೊಸ ಚಪ್ಪಲಿ ಹೋಯಿತು. ದಡಕ್ಕೆ ಬಂದು ಕೂದಲು ಹಿಂಡಿಕೊಳ್ಳುತ್ತಾ ಅವರು ಅಂದದ್ದು ಈಗಲೂ ಕಿವಿಯಲ್ಲಿದೆ: "ಲೋಕವೆಲ್ಲ ಒಂದು ಕಡೆಗೆ ಹೋದ್ರೆ ಇವರಿಬ್ಬರೇ ಇನ್ನೊಂದು ಕಡೆಗೆ. ನಿಮ್ಮಮ್ಮ ಹೆತ್ತಿದ್ದೋ, ಆ ಗಾಡಿ ಹೆತ್ತಿದ್ದೋ?" ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಮೇಷ್ಟ್ರು ಸತ್ತರು. ಯಜಮಾನನ ಅಪ್ಪನೂ ಸತ್ತ. ಶೆಡ್ಡು ಮಗನ ಕೈಗೆ ಬಂತು. ಇವನಿಗೆ ಗಾಡಿ ಬೇಕಾಗಿರಲಿಲ್ಲ, ಗಾಡಿ ತೋರಿಸಿ ಸಾರಿಗೆ ಇಲಾಖೆಯಿಂದ ಹಿಡಿಯಬಹುದಾದ ಕಂಟ್ರಾಕ್ಟು ಬೇಕಾಗಿತ್ತು. ಇಲಾಖೆಯವರು ನೋಡಲು ಬರುತ್ತಾರೆ ಅಂತ ಗೊತ್ತಾದ ವಾರವೇ ಡ್ರಮ್ಮಿನ ಮುಚ್ಚಳದ ಸುತ್ತ ಇರುವ ರಬ್ಬರು ಬಿರುಕು ಬಿಟ್ಟಿತು. ನಾನೇ ಹೋಗಿ ಹೇಳಿದೆ.

"ಸಾರ್, ಗಾಳಿ ಒಳಗೆ ಹೋಗ್ತಿದೆ. ಮೋಟಾರು ನಿಲ್ಲಿಸಿದ್ರೆ ಚಕ್ರ ಅರ್ಧ ಗಂಟೆ ತಿರುಗಲ್ಲ ಈಗ. ಹೆಚ್ಚೂಕಡಿಮೆ ಹನ್ನೆರಡು ನಿಮಿಷ."

"ಮೋಟಾರು ಯಾಕಯ್ಯಾ ನಿಲ್ಲಿಸ್ತೀಯ?"

"ನಿಲ್ಲಿಸಲ್ಲ ಸಾರ್. ಆದ್ರೂ ಹೊಸ ರಬ್ಬರು ಹಾಕೋಕೆ ಎರಡು ದಿನ ಕೊಡಿ. ಅವರಿಗೆ ಎರಡು ದಿನ ಬಿಟ್ಟು ಬನ್ನಿ ಅನ್ನಿ."

"ಬಿಟ್ಟು ಬನ್ನಿ ಅನ್ನೋಕೆ ಅವರೇನು ನಿನ್ನ ಭಾವಮೈದುನರಾ?"

ಅಷ್ಟಕ್ಕೇ ಬಿಡಲಿಲ್ಲ. ಗಾಡಿಯ ಎರಡು ಪಕ್ಕಕ್ಕೂ ಆಸರೆ ಕಾಲುಗಳಿದ್ದವು. ಚಕ್ರದ ವೇಗ ಇಳಿದಾಗ ಒಂದು ಹಿಡಿ ಎಳೆದರೆ ಸಾಕು, ಕೆಳಗಿಳಿದು ನೆಲಕ್ಕೆ ಊರಿಕೊಳ್ಳುತ್ತಿದ್ದವು. ಅವನ್ನು ನೋಡಿ ಯಜಮಾನ ಮೂಗು ಮುರಿದ. "ಓಡೋ ಕುದುರೆಗೆ ಊರುಗೋಲು ಕಟ್ಟಿದ ಹಾಗಿದೆ. ಬಂದವರು ಏನಂದ್ಕೋಬೇಕು? ಇವರಿಗೇ ನಂಬಿಕೆ ಇಲ್ಲ ಅಂದ್ಕೊಳ್ತಾರೆ. ತೆಗೀರಿ."

ಅಣ್ಣ ಕೈ ಒರೆಸಿಕೊಳ್ಳುತ್ತಾ ಎದ್ದು ಬಂದ. "ಅದನ್ನ ತೆಗೀಬಾರದು ಅಂತ ಮೇಷ್ಟ್ರು ಹೇಳಿದ್ರು ಸಾರ್."

"ಮೇಷ್ಟ್ರು ಈಗ ಇಲ್ವಲ್ಲ."

ಅಣ್ಣ ಸುಮ್ಮನಾದ. ಅವನ ದೊಡ್ಡ ಕಾಯಿಲೆ ಅದು, ಸುಮ್ಮನಾಗುವುದು. ನಾನು ಬಾಯಿ ಬಡಿದುಕೊಳ್ಳುತ್ತೇನೆ, ಅವನು ಸುಮ್ಮನಾಗುತ್ತಾನೆ, ಕೊನೆಗೆ ಇಬ್ಬರೂ ಹೇಳಿದ್ದನ್ನೇ ಮಾಡುತ್ತೇವೆ. ಆಸರೆ ಕಾಲುಗಳ ಎಂಟು ಬೋಲ್ಟನ್ನು ಬಿಚ್ಚಿದವನು ನಾನು. ಬೈದುಕೊಂಡು ಬಿಚ್ಚಿದೆ. ಬೈದುಕೊಂಡು ಬಿಚ್ಚಿದರೂ ಬೋಲ್ಟು ಬಿಚ್ಚಿಕೊಳ್ಳುತ್ತದೆ.

ಹತ್ತು ಗಂಟೆಗೆ ಬರಬೇಕಾಗಿದ್ದ ದೊಡ್ಡ ಮನುಷ್ಯರು ಒಂದೂಕಾಲಾದರೂ ಬರಲಿಲ್ಲ. ಬೆಳಗಿನಿಂದ ತಿರುಗಿ ತಿರುಗಿ ಬೇರಿಂಗುಗಳು ಕೈ ಇಡಲಾಗದಷ್ಟು ಕಾದಿದ್ದವು. ಯಜಮಾನ ಬಂದು ಮುಟ್ಟಿ ನೋಡಿ ಕೈ ಕೊಡವಿ, "ಸ್ವಲ್ಪ ಹೊತ್ತು ಮೋಟಾರು ನಿಲ್ಲಿಸಿ" ಅಂದ. ನಿಲ್ಲಿಸಿದೆವು. ಗಾಡಿ ಬೀಳದ ಹಾಗೆ ಅಣ್ಣ ಎರಡು ಪಕ್ಕಕ್ಕೂ ಮರದ ದಿಮ್ಮಿ ಕೊಡಲು ಹೋದ. ಎಂಟು ನಿಮಿಷ ಆಗಿರಬೇಕು, ಗೇಟಿನಲ್ಲಿ ಮೂರು ಕಾರು ಬಂದು ನಿಂತವು.

"ಮೋಟಾರು ಹಾಕ್ತೀನಿ, ವೇಗ ಹಿಡಿಯೋಕೆ ಇಪ್ಪತ್ತು ನಿಮಿಷ ಬೇಕು" ಅಂದೆ.

ಯಜಮಾನ ಕೇಳಿಸಿಕೊಳ್ಳಲೇ ಇಲ್ಲ. ಬಂದವರ ಮುಂದೆ ಕೈ ಬೀಸಿ ಶುರುಹಚ್ಚಿಕೊಂಡಿದ್ದ. "ನೋಡಿ ಸಾರ್, ಚಕ್ರದ ಮೋಟಾರೇ ಆಫ್ ಆಗಿದೆ. ಆದ್ರೂ ನಿಂತಿದೆ ನೋಡಿ! ಕರೆಂಟು ಹೋದ್ರೂ ನೀವು ಟೀ ಕುಡಿದು ನಿಧಾನವಾಗಿ ಇಳಿದು ಹೋಗಬಹುದು. ಹೀಗೇ ಓಡಿಸಿ ತೋರಿಸ್ತೀವಿ." ಆಮೇಲೆ ನಮ್ಮ ಕಡೆ ತಿರುಗಿ, ಹಲ್ಲು ಕಚ್ಚಿಕೊಂಡು, "ದಿಮ್ಮಿ ತೆಗೀರೋ."

ಬಂದವರಲ್ಲಿ ಒಬ್ಬ ಬೋಳುತಲೆಯವನು ಕೇಳಿದ, "ನಾವೂ ಹತ್ತಬೇಕಾ?"

"ಮೊದಲು ನಮ್ಮ ಹುಡುಗ್ರು ಒಂದು ಸುತ್ತು ಹಾಕ್ಲಿ ಸಾರ್."

"ನೀವು ಹತ್ತಲ್ವಾ?"

"ನಾನು ನಿಮ್ಮ ಜೊತೆ ಸಾರ್" ಅಂತ ಯಜಮಾನ ಹಲ್ಲು ಬಿಟ್ಟ.

ಅಣ್ಣ ಮುಂದೆ ಗಾಡಿ ಓಡಿಸುವ ಹಿಡಿಯ ಹತ್ತಿರ ನಿಂತ. ನಾನು ಅವನ ಹಿಂದೆ, ಚಕ್ರದ ವೇಗ ತೋರಿಸುವ ಸೂಜಿಯ ಮುಂದೆ. ಡ್ರಮ್ಮಿನೊಳಗೆ ತಿರುಗುವ ಚಕ್ರಕ್ಕೆ ಹೆಚ್ಚು ಸದ್ದಿಲ್ಲ, ಓಡುವ ಎಂಜಿನ್ನಿನ ಗದ್ದಲದಲ್ಲಂತೂ ಏನೂ ಕೇಳುವುದಿಲ್ಲ. ಅದು ಬದುಕಿದೆಯೋ ಸತ್ತಿದೆಯೋ ಹೇಳುವುದು ಆ ಸೂಜಿಯೊಂದೇ. ಚಕ್ರ ಸತ್ತರೆ ಇದೂ ಬೇರೆಲ್ಲ ಗಾಡಿಗಳ ಹಾಗೆಯೇ, ನಿಂತ ಕಡೆಗೇ ತಗ್ಗುತ್ತದೆ. ನೇರ ಹಳಿಯ ಮೇಲೆ ಚೆನ್ನಾಗಿಯೇ ಹೋದೆವು. ಹೊರಗೆ ಯಾರೋ ಚಪ್ಪಾಳೆ ಹೊಡೆದರು. ಒಂದು ಗಳಿಗೆ, ಒಂದೇ ಗಳಿಗೆ, ನಾನು ಚಪ್ಪಾಳೆಯ ಕಡೆ ನೋಡಿದೆ. ತಿರುಗಿ ನೋಡುವಷ್ಟರಲ್ಲಿ ಸೂಜಿ ಕೆಂಪು ಗೆರೆ ದಾಟಿ ಕೆಳಗೆ ಇಳಿದಿತ್ತು. ಗಾಡಿ ತಿರುವಿಗೆ ಬಂತು. ಬಲಕ್ಕೆ ವಾಲಿತು, ಜೋರಾಗಿ ಅಲ್ಲ, ದಣಿದವನು ಮಲಗಲು ಹೋಗುವ ಹಾಗೆ. ಅಣ್ಣಾ ಅನ್ನಲು ಬಾಯಿ ತೆರೆದೆ. ಬಾಯಿಗಿಂತ ಮೊದಲು ಕಾಲು ಹೋಯಿತು. ಅಣ್ಣನ ಕಾಲು ಬಲಕ್ಕೆ ಹೋಯಿತು, ನನ್ನ ಕಾಲೂ ಬಲಕ್ಕೆ ಹೋಯಿತು.

"ಎಡಕ್ಕೆ! ಎಡಕ್ಕೆ ಬನ್ರೋ!" ಹೊರಗಿನಿಂದ ಬೋಳುತಲೆಯವನು ಕಿರುಚುತ್ತಿದ್ದ. ಜನ್ಮದಲ್ಲಿ ಮೊದಲ ಸಲ ಆ ಗಾಡಿ ನೋಡಿದವನಿಗೆ ಗೊತ್ತಾಯಿತು. ನಮಗೆ ಗೊತ್ತಾಗಲಿಲ್ಲ.

ನಾನು ತೆರೆದ ಬಾಗಿಲಿನಿಂದ ಹೊರಗೆ ಬಿದ್ದೆ. ಮೊಣಕೈ ತರಚಿತು, ಅಷ್ಟೇ. ಅಣ್ಣನ ಕಾಲುಗಳ ಮೇಲೆ ಡ್ರಮ್ಮು ಕೂತಿತು. ಒಳಗೆ ಚಕ್ರಗಳು ಇನ್ನೂ ತಿರುಗುತ್ತಿದ್ದವು. ನೆಲಕ್ಕೆ ಅಂಗೈ ಊರಿ ಅವನನ್ನು ಎಳೆಯಲು ನೋಡುವಾಗ ಆ ನಡುಕ ನನ್ನ ಕೈಗೆ ತಾಗುತ್ತಿತ್ತು. ಅವು ನಿಲ್ಲುವವರೆಗೆ ಜಾಕಿ ಹಾಕುವ ಹಾಗಿರಲಿಲ್ಲ. ಅಷ್ಟು ಹೊತ್ತೂ ಅಣ್ಣ ಎಚ್ಚರವಾಗಿದ್ದ.

ಇದಾಗಿ ಐದು ವಾರ. ಬಲಗಾಲನ್ನು ಮಂಡಿಯ ಮೇಲಿನಿಂದಲೇ ಕತ್ತರಿಸಿ ತೆಗೆದಿದ್ದಾರೆ. ಎಡಗಾಲು ಇದೆ, ಆದರೆ ಅದು ಅವನದಲ್ಲ, ಚಿವುಟಿದರೂ ಗೊತ್ತಾಗುವುದಿಲ್ಲ. ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿ ಮಂಚ ಹಾಕಿದ್ದೇವೆ. ತಲೆಯ ಹತ್ತಿರ ಸ್ಟೂಲಿನ ಮೇಲೆ ಮಾತ್ರೆ, ನೀರಿನ ಲೋಟ, ಮೇಷ್ಟ್ರ ಲೆಕ್ಕದ ಪುಸ್ತಕಗಳ ಕಟ್ಟು. ಅತ್ತಿಗೆ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರು ಹೊಲಿಯುತ್ತಾರೆ. ಹೋಗುವ ಮೊದಲು ಒಂದು ಸಲ, ಬಂದ ಮೇಲೆ ಒಂದು ಸಲ ಅವನನ್ನು ಮಗ್ಗುಲು ಬದಲಿಸಿ ಮಲಗಿಸುತ್ತಾರೆ. ಅಣ್ಣ ಇಡೀ ದಿನ ಆ ಪುಸ್ತಕ ತಿರುವಿ ಹಾಕುತ್ತಾನೆ. ನಾನು ಕೆಲಸದಿಂದ ಬಂದ ತಕ್ಷಣ ಅವನ ಮೊದಲ ಪ್ರಶ್ನೆ, "ಗಾಡಿ ಎತ್ತಿ ನಿಲ್ಲಿಸಿದ್ರಾ?"

"ಇನ್ನೂ ಇಲ್ಲ" ಅನ್ನುತ್ತಿದ್ದೆ.

ಯಜಮಾನ ಕಾಗದ ಕೊಟ್ಟದ್ದು ಬುಧವಾರ. "ನಾನೂ ಬಲಕ್ಕೇ ಹೋದೆ ಸಾರ್, ನನ್ನ ಹೆಸರೂ ಬರೀರಿ" ಅಂದೆ. "ಸುಮ್ನೆ ಯಾಕಯ್ಯಾ ತಲೆ ತೂರಿಸ್ತೀಯ? ಒಬ್ಬನ ಹೆಸರು ಸಾಕು" ಅಂದ, ನನಗೇನೋ ಉಪಕಾರ ಮಾಡುವವನ ಹಾಗೆ. ಶುಕ್ರವಾರ ಇನ್ನೊಂದು ಮಾತು ಬಂತು. ಶೆಡ್ಡು ಗೋಡೌನ್ ಆಗುತ್ತದೆ, ಸಂಜೆಯೊಳಗೆ ಜಾಗ ಖಾಲಿಯಾಗಬೇಕು, ಗಾಡಿಯನ್ನು ಕೊಯ್ದು ಗುಜರಿ ಲಾರಿಗೆ ತುಂಬಿಸಬೇಕು. ಆ ಶೆಡ್ಡಿನಲ್ಲಿ ಗ್ಯಾಸ್ ಕಟರ್ ಹಿಡಿಯುವವನು ನಾನೊಬ್ಬನೇ. ಬೇರೆಯವರ ಕೈಯಲ್ಲಿ ಕೊಯ್ಯಿಸುವುದಕ್ಕಿಂತ ನಾನೇ ಕೊಯ್ಯುವುದು ಮೇಲು ಅಂತ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆಗುವುದಿಲ್ಲ ಅಂದರೆ ಗೇಟಿನಿಂದ ಹೊರಗೆ ಹಾಕುತ್ತಾನೆ ಅಂತ ಹೆದರಿದೆ. ಇಷ್ಟೆಲ್ಲ ಕೋಪ ಇಟ್ಟುಕೊಂಡು ಏನು ಮಾಡಿದೆ ಅಂತ ಯಾರಾದರೂ ಕೇಳಿದರೆ ಇದೇ ನನ್ನ ಉತ್ತರ. ಕಟರ್ ಹಚ್ಚಿದೆ.

ಕಾಗದ ಅಣ್ಣನಿಗೆ ತೋರಿಸುವ ಮನಸ್ಸು ನನಗಿರಲಿಲ್ಲ. ಶನಿವಾರ ಬೆಳಿಗ್ಗೆ ಅತ್ತಿಗೆ ಅಂಗಿ ಒಗೆಯಲು ಹೋದಾಗ ಜೇಬಿನಲ್ಲಿ ಅದು ಅವರಿಗೆ ಸಿಕ್ಕಿತು. ಓದಿಕೊಂಡು ನೇರ ಮಂಚದ ಹತ್ತಿರ ಬಂದು ಅವನ ಎದೆಯ ಮೇಲಿಟ್ಟರು. "ನೋಡ್ರೀ, ನಿಮ್ಮ ಯಜಮಾನರ ಪ್ರೀತಿ."

ಅಣ್ಣ ಎರಡು ಸಲ ಓದಿದ. ಆಮೇಲೆ ನನ್ನ ಕಡೆ ನೋಡಿದ. "ಲೇ ಕಿಡಿ, ತಿರುವಿನಲ್ಲಿ ಸೂಜಿ ಎಷ್ಟಿತ್ತು?" ಕಟರ್ ಹಿಡಿಯುವ ನನಗೆ ಅವನಿಟ್ಟ ಹೆಸರು ಕಿಡಿ.

ಐದು ವಾರ ಈ ಪ್ರಶ್ನೆಗೇ ಹೆದರಿ ಕೂತಿದ್ದೆ. "ಕೆಂಪು ಗೆರೆಗಿಂತ ಕೆಳಗೆ. ಸಾವಿರಾನೂ ಇರಲಿಲ್ಲ. ನಾನು ಆ ಕಡೆ ನೋಡ್ತಿದ್ದೆ ಅಣ್ಣಾ. ನೋಡಿದ್ದಿದ್ರೆ ಕೂಗ್ತಿದ್ದೆ."

ಬೈಯುತ್ತಾನೆ ಅಂದುಕೊಂಡೆ. ಅವನ ಮುಖ ಅರಳಿತು. ಐದು ವಾರದಲ್ಲಿ ಮೊದಲ ಸಲ. "ಹಾಗಾದ್ರೆ ಚಕ್ರ ಸತ್ತಿತ್ತು! ನಾನು ಏನೇನೋ ಅಂದ್ಕೊಂಡಿದ್ದೆ ಕಣೋ. ಚಕ್ರ ತಿರುಗ್ತಿದ್ದಾಗ್ಲೇ ಬಿತ್ತೇನೋ, ತಿರುವಿನ ಲೆಕ್ಕದಲ್ಲಿ ಮೇಷ್ಟ್ರು ಎಲ್ಲಾದ್ರೂ ತಪ್ಪಿದಾರೇನೋ ಅಂತ ಇಷ್ಟು ದಿನ ಹುಡುಕ್ತಾ ಇದ್ದೆ. ಲೆಕ್ಕ ಸರಿಯಾಗೇ ಇದೆ. ಗಾಡಿ ತಪ್ಪಲ್ಲ. ಪೆನ್ನು ಕೊಡು."

"ಪೆನ್ನು ಯಾಕೆ?"

"ಬರೆದಿರೋದು ನಿಜ ತಾನೇ. ಸತ್ತ ಚಕ್ರ ಇಟ್ಕೊಂಡು ಬಲಕ್ಕೆ ಕಾಲಿಟ್ಟೆ."

"ಯಾಕೆ ಸತ್ತಿತ್ತು ಅಂತ ಬರೆದಿದಾನಾ ಇದ್ರಲ್ಲಿ? ರಬ್ಬರಿನ ವಿಷಯ ಇದೆಯಾ? ಆಸರೆ ಕಾಲು ತೆಗೆಸಿದ್ದು ಇದೆಯಾ? ಆ ನನ್ಮಗನ ತಪ್ಪು ಅಂತ ಬರಿ, ನಾನು ಸಾಕ್ಷಿ ಹೇಳ್ತೀನಿ!"

"ಆಸರೆ ಕಾಲಿನ ಬೋಲ್ಟು ಬಿಚ್ಚಿದ್ದು ಯಾರು ಅಂತ ಕೇಳಿದ್ರೆ?"

ಅಣ್ಣ ಕಾಗದದ ಮಡಿಕೆಯನ್ನು ಎದೆಯ ಮೇಲೇ ಸವರಿ ನೆಟ್ಟಗೆ ಮಾಡಿದ.

"ನಿನ್ನ ಹೆಸರು ಬರುತ್ತೆ. ನಿನ್ನ ಕೈಗೆ ಇನ್ಯಾವ ಶೆಡ್ಡಲ್ಲಿ ಯಾವನು ಸ್ಪ್ಯಾನರು ಕೊಡ್ತಾನೆ? ಅದು ಬಿಡು. ಗಾಡೀಲೇ ದೋಷ ಅಂತ ಒಂದು ಸಲ ಬರೆದುಬಿಟ್ರೆ ಮುಗೀತು. ಆಮೇಲೆ ಎಲ್ಲೂ ಯಾರೂ ಇಂಥ ಗಾಡಿ ಕಟ್ಟೋಕೆ ಬಿಡಲ್ಲ. ಮನುಷ್ಯನ ತಪ್ಪು ಅಂದ್ರೆ, ಸರಿ, ಮುಂದಿನ ಸಲ ಎಚ್ಚರ ಅಂತಾರೆ. ಮತ್ತೆ ಶುರು ಮಾಡ್ತಾರೆ."

ಅತ್ತಿಗೆ ಒಗೆಯುವ ಬಟ್ಟೆಯನ್ನು ಬಕೆಟ್ಟಿಗೆ ಎಸೆದರು. "ಗಾಡಿ ತಪ್ಪಲ್ಲ, ಮೇಷ್ಟ್ರ ತಪ್ಪಲ್ಲ, ಯಜಮಾನರದ್ದಂತೂ ಅಲ್ವೇ ಅಲ್ಲ. ಕಾಲು ಮಾತ್ರ ನಿಮ್ಮದು."

"ನೀನು ಸುಮ್ನಿರೇ."

"ಸುಮ್ನೇ ಇದೀನಲ್ಲ, ಹನ್ನೊಂದು ವರ್ಷದಿಂದ."

ಅಣ್ಣ ಪುಸ್ತಕದ ಕಟ್ಟಿನ ಮೇಲೆ ಕಾಗದ ಇಟ್ಟುಕೊಂಡು ಸಹಿ ಹಾಕಿದ. ನಿಧಾನವಾಗಿ, ಅಕ್ಷರ ಅಕ್ಷರವೂ ದುಂಡಗೆ. ಹಾಕಿ ನನ್ನ ಕೈಗೆ ಕೊಟ್ಟು, ತಲೆದಿಂಬಿಗೆ ಒರಗಿ, ಕೆಲಸ ಹೇಳಲು ಶುರುಮಾಡಿದ. "ಚೌಕಟ್ಟು ಬಗ್ಗಿರುತ್ತೆ, ಅದನ್ನ ಬಿಸಿ ಮಾಡಿ ನೆಟ್ಟಗೆ ಮಾಡಬಹುದು. ಡ್ರಮ್ಮಿಗೆ ಹೊಸ ರಬ್ಬರು. ಚಕ್ರಕ್ಕೆ ಏನೂ ಆಗಿರಲ್ಲ, ಆ ಉಕ್ಕಿಗೆ ಏನಾಗುತ್ತೆ? ನನ್ನನ್ನ ಒಂದು ಕುರ್ಚಿ ಮೇಲೆ ಕೂರಿಸಿ ಕರ್ಕೊಂಡು ಹೋಗು, ಕೂತಲ್ಲೇ ಹೇಳ್ತೀನಿ, ನೀನು ಮಾಡುವೆಯಂತೆ."

ಆ ಮುಖ ನೋಡಿ ಸುಮ್ಮನಿರಬೇಕಾಗಿತ್ತು. ಸುಳ್ಳು ಹೇಳಿ ಇನ್ನೊಂದು ತಿಂಗಳು ತಳ್ಳಬಹುದಾಗಿತ್ತು. ನನ್ನಿಂದ ಆಗಲಿಲ್ಲ. ಅವನ ಮೇಲೆ ಕೋಪ ಬಂತು, ಕಾಲು ಕೊಟ್ಟ ಮೇಲೂ ಅದೇ ಶೆಡ್ಡಿಗೆ ಕುರ್ಚಿ ಹಾಕು ಅನ್ನುವವನ ಮೇಲೆ.

"ಗಾಡಿ ಇಲ್ಲ ಅಣ್ಣಾ."

"ಇಲ್ಲ ಅಂದ್ರೆ?"

"ನಿನ್ನೆ ಕೊಯ್ದ್ರು. ಲಾರಿಗೆ ತುಂಬಿ ಕಳಿಸಿದ್ರು."

ಅವನು ಕಿಟಕಿಯ ಸರಳು ಹಿಡಿದುಕೊಂಡ. "ಕೊಯ್ದ್ರು ಅಂದ್ರೆ? ಅಲ್ಲಿ ಕಟರ್ ಹಿಡಿಯೋನು ಇನ್ನೊಬ್ಬ ಯಾವನಿದಾನೆ?"

ಅವನು ನನ್ನ ಕೈಯ ಮೇಲಿನ ಸುಟ್ಟ ಚುಕ್ಕೆಗಳನ್ನು ನೋಡಿದ.

"ಎಲ್ಲಿಂದ ಶುರು ಮಾಡಿದೆ?"

"ಹಿಂದಿನ ಕಡೆಯಿಂದ."

"ಚಕ್ರ ಬಿಚ್ಚಿ ಪಕ್ಕಕ್ಕೆ ಇಟ್ಟಿರ್ತೀಯ. ಅದನ್ನ ತಿರುಗಿಸಿ ಸಮ ಮಾಡೋಕೆ ಎರಡು ವರ್ಷ ಹಿಡಿದಿತ್ತು."

"ಇಲ್ಲ."

"ಎರಡೂ?"

"ಎರಡೂ. ಒಂದೊಂದು ನಾಲ್ಕು ತುಂಡು. ಲಾರಿಗೆ ಎತ್ತೋಕೆ ಆಗಬೇಕಿತ್ತಲ್ಲ."

ಅಣ್ಣ ತಲೆಯಾಡಿಸಿದ. "ಅಷ್ಟು ದಪ್ಪ. ಹೊತ್ತು ಹಿಡಿದಿರಬೇಕು."

"ಊಟದ ಹೊತ್ತಿನವರೆಗೂ."

ಅಷ್ಟೇ. ಅಣ್ಣ ಮಗ್ಗುಲು ತಿರುಗಲು ನೋಡಿದ, ಕಾಲಿಲ್ಲದೆ ಆಗಲಿಲ್ಲ, ಸೊಂಟದವರೆಗೆ ತಿರುಗಿ ಅರ್ಧಕ್ಕೇ ನಿಂತ. ಅತ್ತಿಗೆ ಒದ್ದೆ ಕೈಯನ್ನು ಒರೆಸಿಕೊಂಡು ಬಂದು ಮಿಕ್ಕ ಅರ್ಧವನ್ನು ತಿರುಗಿಸಿ ಮಲಗಿಸಿದರು. ಅವನ ಮುಖ ಗೋಡೆಯ ಕಡೆಗಿತ್ತು.

"ಕೊಡಿ ಅತ್ತಿಗೆ, ಹರಿದು ಹಾಕ್ತೀನಿ ಅದನ್ನ" ಅಂದೆ. ಕಾಗದ ನನ್ನ ಕೈಯಲ್ಲೇ ಇತ್ತು.

"ಹರಿದು?" ಅಂದರು ಅತ್ತಿಗೆ. "ಅವನು ಇನ್ನೊಂದು ಬರೀತಾನೆ. ಇವರು ಇನ್ನೊಂದು ಸಲ ಸಹಿ ಹಾಕ್ತಾರೆ. ಹೋಗು, ಕೊಟ್ಟು ಬಾ. ಆ ಕೆಲಸವಾದ್ರೂ ಉಳಿಸ್ಕೋ."

ಹೋಗಿ ಕೊಟ್ಟು ಬಂದೆ. ಯಜಮಾನ ಫೋನಿನಲ್ಲಿ ಮಾತಾಡುತ್ತಲೇ ಕಾಗದ ತೆಗೆದುಕೊಂಡು, ಸಹಿ ಇದೆಯಾ ಅಂತಷ್ಟೇ ನೋಡಿ, ಡ್ರಾಯರಿಗೆ ಹಾಕಿದ.

ಸೋಮವಾರದಿಂದ ಗೋಡೌನಿನ ಕಿಟಕಿಗಳಿಗೆ ಸರಳು ಹೊಂದಿಸುತ್ತಿದ್ದೇನೆ. ಸಂಜೆ ಮನೆಗೆ ಬಂದರೆ ಅಣ್ಣ ಎಚ್ಚರವಾಗಿಯೇ ಇರುತ್ತಾನೆ. ಮೇಷ್ಟ್ರ ಪುಸ್ತಕಗಳನ್ನು ಅತ್ತಿಗೆ ಮಂಚದ ಕೆಳಗೆ ಸರಿಸಿದ್ದಾರೆ, ಅವನು ಬೇಡ ಅನ್ನಲಿಲ್ಲ. ನಾನು ಕೈ ತೊಳೆದು ಅವನ ಹತ್ತಿರ ಕೂರುತ್ತೇನೆ. ಇವತ್ತು ಏನು ಕೆಲಸ ಅಂತ ಅವನು ಕೇಳುವುದಿಲ್ಲ.